ಕಲ್ಲಿನ ಮೇಲೆ ಏನೋ ಹಕ್ಕಳೆ ಕಟ್ಟಿದೆ, ಇದೇನು? ರೀಫ್ ಟ್ಯಾಂಕ್ ಇಟ್ಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕಡಿ ಉದ್ದದ ರೀಫ್ ಟ್ಯಾಂಕ್, ಅಂದರೆ ಹವಳ, ಕಲ್ಲು, ಮೀನು ಇರುವ ಉಪ್ಪುನೀರಿನ ಟ್ಯಾಂಕ್ ಇದೆ. ಬಂದವರೆಲ್ಲ ಮೀನು ನೋಡುತ್ತಾರೆ. ನಾನು ಮಾತ್ರ ಜಾಸ್ತಿ ಹೊತ್ತು ಕಲ್ಲು ನೋಡುತ್ತಾ ಕೂರುತ್ತೇನೆ. ಇದು ಗೊತ್ತಾದ ಮೇಲೆ ಗೆಳೆಯರು ಫೋನ್ ಮಾಡಿ, ಮೆಸೇಜ್ ಹಾಕಿ, ಅಂಗಡಿಯಲ್ಲಿ ಸಿಕ್ಕಾಗ ತಡೆದು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: ಕಲ್ಲಿನ ಮೇಲೆ ಬೆಳೆದಿರುವ ಇದೇನು, ಕೆರೆದು ಹಾಕಲಾ? ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಬ್ಲೇಡ್ ಕೈಗೆ ತೆಗೆದುಕೊಳ್ಳುವ ಮುಂಚೆ ಒಮ್ಮೆ ಓದಿ.

## ಶುರುವಿನ ಪ್ರಶ್ನೆಗಳು

ಕಲ್ಲಿನ ಮೇಲೆ, ಗಾಜಿನ ಮೇಲೆ ನೇರಳೆ ಚುಕ್ಕೆ ಬರ್ತಾ ಇದೆ. ರೋಗನಾ?

ಅಲ್ಲ, ಖುಷಿ ಪಡಿ. ಇದು ಕೋರಲೈನ್ ಪಾಚಿ. ಪಾಚಿ ಅಂದ ಕೂಡಲೇ ಕಾಲು ಜಾರಿಸುವ ಹಸಿರು ನೆನಪಾಗುತ್ತದೆ, ಅಲ್ವಾ? ಇದು ಕೆಂಪು ಪಾಚಿಗಳ ಗುಂಪಿನದು. ಜೀವಕೋಶದ ಗೋಡೆಗೇ ಸುಣ್ಣ ತುಂಬಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಗೀಸರ್ ಕಾಯಿಲ್‌ಗೆ ಬೋರ್‌ವೆಲ್ ನೀರಿನ ಸುಣ್ಣ ಹಿಡಿದ ಹಾಗೆ ಅಂಟಿಕೊಂಡಿರುತ್ತದೆ, ಉಗುರಿಗೆ ಬರುವುದಿಲ್ಲ.

ಮೊದಲು ಸಾಸಿವೆ ಗಾತ್ರದ ದುಂಡು ಚುಕ್ಕೆಗಳು ಕಾಣುತ್ತವೆ. ಅವು ಅಗಲವಾಗುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೇರಳೆ, ಗುಲಾಬಿ, ಕಡುಗೆಂಪು ಎಲ್ಲವೂ ಉಂಟು. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ), ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) 8ರಿಂದ 11 ಡಿಕೆಎಚ್ (ಅದರ ಅಳತೆ), ಮೆಗ್ನೀಸಿಯಂ 1250ರಿಂದ 1350 ಪಿಪಿಎಂ ಆಸುಪಾಸಿನಲ್ಲಿ ಏರಿಳಿತ ಇಲ್ಲದೆ ಇದ್ದರೆ ಇದು ತಾನೇ ಹರಡುತ್ತದೆ. ಅದು ಬಂತು ಅಂದರೆ ನಿಮ್ಮ ನೀರು ಹದಕ್ಕೆ ಬರುತ್ತಿದೆ ಅಂತ ಅರ್ಥ. ಮುಂದಿನ ಗಾಜಿನಿಂದ ಮಾತ್ರ ಬ್ಲೇಡಿನಲ್ಲಿ ತೆಗೆಯಿರಿ. ಅಕ್ರಿಲಿಕ್ ಟ್ಯಾಂಕ್ ಆದರೆ ಬ್ಲೇಡ್ ಬೇಡ, ಗೀರು ಬೀಳುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು.

ನಾನು ಇದನ್ನ ತಂದೇ ಇಲ್ಲ. ಎಲ್ಲಿಂದ ಬಂತು?

ಗೊತ್ತಿಲ್ಲದೆ ತಂದಿದ್ದೀರಿ. ಹವಳದ ತುಂಡು ಅಂಟಿಸಿದ ಬಿಲ್ಲೆಯಂಥ ಪ್ಲಗ್‌ನ ತಳ, ಬಸವನಹುಳುವಿನ ಚಿಪ್ಪು, ಇನ್ನೊಬ್ಬರ ಟ್ಯಾಂಕಿನಿಂದ ಬಂದ ಒಂದು ಮಗ್ ನೀರು, ಇಷ್ಟರಲ್ಲೇ ಪಾಚಿಯ ಬೀಜಕಣ, ಸ್ಪಂಜಿನ ಚೂರು, ಹುಳುವಿನ ಮರಿ ಎಲ್ಲವೂ ಬರುತ್ತವೆ. ಲೈವ್ ರಾಕ್, ಅಂದರೆ ಜೀವಿಗಳು ಸೇರಿಕೊಂಡ ಕಡಲಕಲ್ಲು, ಆದರಂತೂ ಕೇಳುವುದೇ ಬೇಡ. ಎಷ್ಟೋ ಜೀವಿಗಳು ಕಲ್ಲಿನ ಬಿರುಕಿನಲ್ಲಿ ತಿಂಗಳುಗಟ್ಟಲೆ ಸುಮ್ನೆ ಇದ್ದು, ಆಹಾರ, ಬೆಳಕು ಹೊಂದಿಕೊಂಡ ಮೇಲೆ ತಲೆ ಎತ್ತುತ್ತವೆ. ಹಾಗಾಗಿ ಹೋದ ವಾರ ಏನು ಹಾಕಿದೆ ಅಂತ ಮಾತ್ರ ಯೋಚಿಸಬೇಡಿ. ಹೋದ ವರ್ಷ ಏನು ಹಾಕಿದಿರಿ ಅನ್ನುವುದನ್ನೂ ನೆನಪಿಸಿಕೊಳ್ಳಿ.

ಫೋಟೋ ಕಳಿಸಿದ್ದೀನಿ ಸಾರ್, ನೋಡಿ ಹೆಸರು ಹೇಳಿ

ನೀಲಿ ಬೆಳಕಿನಲ್ಲಿ ತೆಗೆದ ಫೋಟೋ ನೋಡಿ ಯಾರೂ ಏನೂ ಹೇಳಲಾರರು. ಬಿಳಿ ಬೆಳಕು ಹಾಕಿ. ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್, ಪಂಪ್ ಹತ್ತು ನಿಮಿಷ ನಿಲ್ಲಿಸಿ. ಫೋನನ್ನು ಗಾಜಿಗೆ ನೇರವಾಗಿ ಹಿಡಿಯಿರಿ, ಓರೆ ಹಿಡಿದರೆ ಚಿತ್ರ ಕಲಸಿಹೋಗುತ್ತದೆ. ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಗಾತ್ರ ಗೊತ್ತಾಗಲು ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಕೇಲ್ ಹಿಡಿಯಿರಿ.

ದೂರದಿಂದ ಒಂದು, ಹತ್ತಿರದಿಂದ ಒಂದು, ಅಂಚಿನದು ಒಂದು. ಈ ಮೂರನೆಯದನ್ನು ಯಾರೂ ಕಳಿಸುವುದಿಲ್ಲ, ನನಗೆ ಬೇಕಾಗಿರುವುದು ಅದೇ.

ಬಣ್ಣ ನೋಡಿದ್ರೆ ಗೊತ್ತಾಗಲ್ವಾ?

ಇಲ್ಲ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಬಣ್ಣ ನೋಡಿ ಹೆಸರಿಡಬೇಡಿ. ಕೆಂಪು ಹಕ್ಕಳೆ ಅಂದರೆ ಕೋರಲೈನ್ ಪಾಚಿ ಇರಬಹುದು, ಸ್ಪಂಜು ಇರಬಹುದು, ಪುಟ್ಟ ಪ್ರಾಣಿಗಳು ಗುಂಪಾಗಿ ಕಟ್ಟುವ ಬ್ರಯೋಝೋವಾ ಇರಬಹುದು, ಸಯನೋಬ್ಯಾಕ್ಟೀರಿಯಾ ಇರಬಹುದು. ಒಂದು ಸಸ್ಯದ ಕಡೆಯದು, ಎರಡು ಪ್ರಾಣಿ, ಇನ್ನೊಂದು ಬ್ಯಾಕ್ಟೀರಿಯಾ. ಬಣ್ಣ ಮಾತ್ರ ಒಂದೇ.

ಮೊದಲು ಮುಟ್ಟಿ ನೋಡಿ. ಕೈಗವಸು ಹಾಕಿಕೊಂಡು, ಬೆರಳಿನಲ್ಲಿ ಅಲ್ಲ, ಪ್ಲಾಸ್ಟಿಕ್ ಕಡ್ಡಿಯಲ್ಲಿ. ಕಡ್ಡಿ ಟಕ್ ಅಂತ ತಾಗಿದರೆ ಸುಣ್ಣ ಇದೆ ಅಂತ ತಿಳಿಯಿರಿ: ಕೋರಲೈನ್, ಬ್ರಯೋಝೋವಾ, ಹುಳುವಿನ ಕೊಳವೆ ಅಥವಾ ಹವಳ. ಒತ್ತಿದರೆ ತಗ್ಗಿ ಮತ್ತೆ ಎದ್ದರೆ ಸ್ಪಂಜು ಅಥವಾ ಟ್ಯೂನಿಕೇಟ್ (ಕಲ್ಲಿಗೆ ಅಂಟಿಕೊಂಡು ನೀರು ಸೋಸಿ ತಿನ್ನುವ ಇನ್ನೊಂದು ಪ್ರಾಣಿ). ಹಾಲಿನ ಕೆನೆಯ ಹಾಗೆ ಎದ್ದು ಬಂದರೆ ಸಯನೋಬ್ಯಾಕ್ಟೀರಿಯಾ.

ಆಮೇಲೆ ತೂತು ನೋಡಿ. ಅಲ್ಲಲ್ಲಿ ಒಂದೊಂದು ದೊಡ್ಡ ತೂತು, ಸುತ್ತ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ತೂತುಗಳಿದ್ದರೆ ಸ್ಪಂಜು. ತೂತುಗಳು ಸಾಲಾಗಿ, ನಕ್ಷತ್ರದ ಹಾಗೆ ಜೋಡಿಸಿದಂತಿದ್ದರೆ ಟ್ಯೂನಿಕೇಟ್.

ಮೂರನೆಯದು, ಅದು ಪ್ರತಿಕ್ರಿಯೆ ಕೊಡುತ್ತದೆಯೇ? ಕಡ್ಡಿ ತಾಗಿಸಿದ ತಕ್ಷಣ ಏನಾದರೂ ಒಳಗೆ ಎಳೆದುಕೊಂಡರೆ ಅಥವಾ ಮುಚ್ಚಿಕೊಂಡರೆ ಪ್ರಾಣಿ. ಸ್ಪಂಜು ಕೂಡ ಪ್ರಾಣಿಯೇ, ಆದರೆ ಅದರ ಚಲನೆ ನಮ್ಮ ಕಣ್ಣಿಗೆ ಕಾಣದಷ್ಟು ನಿಧಾನ.

ಕೊನೆಗೆ ಜಾಗ. ಬೆಳಕು ಬೀಳುವ ಕಡೆ ಮಾತ್ರ ಇದೆಯೋ, ಕಲ್ಲಿನ ಅಡಿಯ ಕತ್ತಲಲ್ಲಿ ಇದೆಯೋ? ಸಂಪಿನ (ಟ್ಯಾಂಕಿನ ಕೆಳಗೆ ನೀರು ಸೋಸಲು ಇಡುವ ತೊಟ್ಟಿಯ) ಕತ್ತಲಲ್ಲಿ ಚೆನ್ನಾಗಿ ಬೆಳೆಯುತ್ತಿದೆ ಅಂದರೆ ಅದು ಬಹುಮಟ್ಟಿಗೆ ನೀರು ಸೋಸಿ ತಿನ್ನುವ ಪ್ರಾಣಿ. ಈ ನಾಲ್ಕನ್ನು ನೋಡಿದ ಮೇಲೆ ಬಣ್ಣಕ್ಕೆ ಬನ್ನಿ.

ಹರಡ್ತಾ ಇದೆಯೋ, ಅಷ್ಟರಲ್ಲೇ ಇದೆಯೋ ಗೊತ್ತಾಗೋದು ಹೇಗೆ?

ಗಾಜಿನ ಮೇಲೆ ಬೆಳೆದಿದ್ದರೆ ಹೊರಗಡೆಯಿಂದ ಮಾರ್ಕರ್ ಪೆನ್ನಿನಲ್ಲಿ ಅದರ ಅಂಚನ್ನು ಬಿಡಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಕಲ್ಲಿನ ಮೇಲಾದರೆ ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ನಾಲ್ಕು ವಾರದಲ್ಲಿ ಕೂದಲೆಳೆಯಷ್ಟೂ ಸರಿಯದ ವಸ್ತುವಿಗೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

## ಎಲ್ಲರ ಟ್ಯಾಂಕಿನಲ್ಲೂ ಸಿಗುವವು

ಕಲ್ಲು ತಿರುಗಿಸಿದ್ರೆ ಅಡಿಯಲ್ಲಿ ಕಿತ್ತಳೆ ಬಣ್ಣದ್ದು ಬಳಿದ ಹಾಗಿದೆ

ಸ್ಪಂಜು. ಕಿತ್ತಳೆ, ಹಳದಿ, ಬೂದು, ನೀಲಿ, ಕಪ್ಪು ಎಲ್ಲ ಬಣ್ಣದಲ್ಲೂ ಬರುತ್ತದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಪಂಪ್ ನಿಲ್ಲಿಸಿ, ಹವಳಕ್ಕೆ ಹಾಕುವ ಹಸಿರು ಫೈಟೋಪ್ಲಾಂಕ್ಟನ್ (ತೇಲುವ ಸೂಕ್ಷ್ಮ ಪಾಚಿಯ) ದ್ರವವನ್ನು ಡ್ರಾಪರ್‌ನಲ್ಲಿ ಒಂದೆರಡು ಹನಿ ಅದರ ಪಕ್ಕ ಬಿಡಿ. ಹಸಿರು ಮೋಡ ಸುಮ್ಮನೆ ನಿಂತಿರುತ್ತದೆ. ಸ್ವಲ್ಪ ಹೊತ್ತಿಗೆ ದೊಡ್ಡ ತೂತಿನ ಎದುರು ಮಾತ್ರ ಆ ಮೋಡ ಸೀಳಿಕೊಂಡು, ಒಳಗಿಂದ ಯಾರೋ ಊದಿದ ಹಾಗೆ ತಿಳಿನೀರು ಹೊರಗೆ ಬರುತ್ತದೆ. ಸಣ್ಣ ತೂತುಗಳಿಂದ ನೀರು ಒಳಗೆಳೆದು, ಸೋಸಿ, ದೊಡ್ಡ ತೂತಿನಿಂದ ಬಿಡುತ್ತಿದೆ. ಮೊದಲ ಸಲ ಇದನ್ನು ನೋಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಸ್ಪಂಜು ನಿಮ್ಮ ನೀರನ್ನು ಪುಕ್ಕಟೆ ಸೋಸಿಕೊಡುತ್ತದೆ, ಇರಲಿ ಬಿಡಿ. ಕಲ್ಲನ್ನು ನೀರಿನಿಂದ ಹೊರಗೆ ತೆಗೆಯುವಾಗ ಮಾತ್ರ ಜೋಪಾನ. ಗಾಳಿ ಒಳಗಿನ ನಾಳಗಳಲ್ಲಿ ಸಿಕ್ಕಿಕೊಂಡರೆ ಎಷ್ಟೋ ಸ್ಪಂಜುಗಳು ಸಾಯುತ್ತವೆ, ಸತ್ತು ಕೊಳೆತರೆ ನೀರು ಕೆಡುತ್ತದೆ.

ಸಂಪಿನಲ್ಲಿ, ಗಾಜಿನಲ್ಲಿ ಬಿಳಿ ಬಿಳಿಯಾಗಿ ಏನೇನೋ ಇದೆ. ಒಂದು ಸುರುಳಿ ಥರ, ಒಂದು ಹತ್ತಿ ಉಂಡೆ ಥರ

ಎರಡೂ ಬೇರೆ ಬೇರೆ, ಎರಡೂ ನಿರುಪದ್ರವಿ. ಒಂದೆರಡು ಮಿಲಿಮೀಟರ್ ಅಗಲದ ಚಕ್ಕುಲಿಯ ಹಾಗೆ ಸುತ್ತಿಕೊಂಡ ಬಿಳಿ ಸುರುಳಿ ಸ್ಪೈರಾರ್ಬಿಡ್ ಹುಳುವಿನ ಮನೆ. ಲೆನ್ಸ್ ಹಿಡಿದು ನೋಡಿದರೆ ಬಾಯಿಂದ ಪುಟ್ಟ ಗರಿ ಹೊರಗೆ ಬಂದಿರುತ್ತದೆ, ನೆರಳು ಬಿದ್ದರೆ ಸಟ್ಟನೆ ಒಳಗೆ ಹೋಗುತ್ತದೆ. ಹತ್ತಿ ಉಂಡೆಯಂಥದ್ದು, ತುದಿಯಲ್ಲಿ ಕುಚ್ಚು ಇರುವುದು, ಸೈಕಾನ್ ಅನ್ನುವ ಸ್ಪಂಜು. ಹೊಸ ಟ್ಯಾಂಕಿನಲ್ಲಿ ಒಮ್ಮೆಲೇ ನೂರಾರು ಬರುತ್ತವೆ, ಆಮೇಲೆ ತಾವೇ ಕಮ್ಮಿಯಾಗುತ್ತವೆ. ಪಂಪಿನ ಬಾಯಿ ಕಟ್ಟಿದರೆ ಮಾತ್ರ ತೆಗೆಯಿರಿ.

ಕುಂಕುಮದ ಬೊಟ್ಟಿನಂಥ ಗಟ್ಟಿ ಕೆಂಪು ಚುಕ್ಕೆಗಳು, ಕಲ್ಲಿನ ಅಡಿಯಲ್ಲಿ

ಇದು ಹೊಮೋಟ್ರೀಮಾ ಇರಬೇಕು. ಕೆಲವೇ ಮಿಲಿಮೀಟರ್ ಇರುವ, ಸುಣ್ಣದ ಚಿಪ್ಪು ಕಟ್ಟುವ ಏಕಕೋಶ ಜೀವಿ. ಇಷ್ಟು ದೊಡ್ಡದಾಗಿ ಕಂಡರೂ ಇಡೀ ಬೊಟ್ಟು ಒಂದೇ ಜೀವಕೋಶ! ಬರ್ಮುಡಾದ ಕಡಲತೀರಗಳ ಮರಳು ಗುಲಾಬಿ ಬಣ್ಣಕ್ಕಿರುವುದು ಇದರ ಪುಡಿಯಾದ ಚಿಪ್ಪುಗಳಿಂದಲೇ. ಒಡೆಯಬೇಡಿ.

ಬಲೆ ನೇಯ್ದ ಹಾಗಿರೋದು ಒಂದು, ಹೂವಿನ ಹಾಗಿರೋದು ಒಂದು. ಎರಡೂ ಒಂದೇನಾ?

ಒಂದೇ ಅಲ್ಲ, ಆದರೆ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಬಲೆಯಂಥದ್ದು ಬ್ರಯೋಝೋವಾ. ಲೆನ್ಸಿನಲ್ಲಿ ಜೇನುಹುಟ್ಟಿನ ಹಾಗೆ ಪುಟ್ಟ ಪುಟ್ಟ ಕೋಣೆಗಳು ಸಾಲಾಗಿ ಕಾಣುತ್ತವೆ. ಒಂದೊಂದು ಕೋಣೆಯಲ್ಲೂ ಒಂದೊಂದು ಜೀವಿ, ನೀರು ಶಾಂತವಾಗಿದ್ದಾಗ ಮೀಸೆಯಂಥ ಎಳೆಗಳನ್ನು ಹೊರಗೆ ಚಾಚುತ್ತದೆ. ಕೋಣೆಗಳ ಗೋಡೆ ಗಡಸು.

ಹೂವಿನಂಥದ್ದು ಗುಂಪಾಗಿ ಬೆಳೆಯುವ ಟ್ಯೂನಿಕೇಟ್. ಬೊಟ್ರಿಲಸ್ ಜಾತಿಯವು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ನಡುಬಾಯಿಯ ಸುತ್ತ ಎಸಳಿನ ಹಾಗೆ ಜೀವಿಗಳು ಕೂತಿರುತ್ತವೆ, ಮೇಲೆ ತೆಳ್ಳಗಿನ ನುಣುಪಾದ ಹೊದಿಕೆ. ಆ ಹೊದಿಕೆಯಲ್ಲಿ ಸೆಲ್ಯುಲೋಸ್ ಇರುತ್ತದೆ, ಪ್ರಾಣಿಗಳಲ್ಲಿ ಇದು ತೀರಾ ಅಪರೂಪ. ಟ್ಯೂನಿಕೇಟ್ ಮರಿ ಕಪ್ಪೆಯ ಗೊದಮೊಟ್ಟೆಯ ಹಾಗೆ ಬಾಲ ಇಟ್ಟುಕೊಂಡು ಈಜುತ್ತದೆ, ಅದರ ಬಾಲದೊಳಗೆ ನಮ್ಮ ಬೆನ್ನುಹುರಿಗೆ ಆಸರೆ ಕೊಡುವ ಭಾಗದ ಪೂರ್ವರೂಪ ಇರುತ್ತದೆ. ಜಾಗ ಸಿಕ್ಕಿ ಅಂಟಿಕೊಂಡ ಮೇಲೆ ಬಾಲ ಕಳೆದುಕೊಳ್ಳುತ್ತದೆ. ವಂಶದ ಲೆಕ್ಕದಲ್ಲಿ ಇದು ಸ್ಪಂಜಿಗಿಂತ ನಮಗೇ ಹತ್ತಿರದ ನೆಂಟ. ಸ್ಪಂಜು ಅಂತ ಕರೆದು ಕೆರೆಯುವಾಗ ಇದು ನೆನಪಿರಲಿ.

ಚೆನ್ನಾಗಿದ್ದ ನೇರಳೆ ಪಾಚಿ ಮೇಲೆ ಬಿಳಿ ಗೀರು ಬಂದಿದೆ. ಸಾಯ್ತಾ ಇದೆಯಾ?

ಗೀರಿನ ಆಕಾರ ನೋಡಿ. ಐದು ಮೂಲೆಯ ನಕ್ಷತ್ರದ ಹಾಗೆ ಒತ್ತೊತ್ತಾಗಿದ್ದರೆ ಕಡಲ ಮುಳ್ಳುಚೆಂಡು (ಸೀ ಅರ್ಚಿನ್) ಎಂಬ ಪ್ರಾಣಿ ಮೇಯ್ದಿದೆ, ಅದಕ್ಕೆ ಐದು ಹಲ್ಲು. ಇಡೀ ಹಲಗೆಯೇ ಒಂದು ಕಡೆಯಿಂದ ಬಿಳುಚಿಕೊಂಡು ಬಂದರೆ ಆಲ್ಕಲಿನಿಟಿ ಬಿದ್ದಿರಬಹುದು, ಅಥವಾ ಹೊಸ ಲೈಟಿನ ಝಳ ತಾಳದೆ ಹೋಗಿರಬಹುದು. ಮೊದಲು ನೀರು ಪರೀಕ್ಷೆ ಮಾಡಿ, ಆಮೇಲೆ ಲೈಟ್ ಮುಟ್ಟಿ.

## ಜಾಗ್ರತೆ ಬೇಕಾದವು

ಮಧ್ಯಾಹ್ನದ ಹೊತ್ತಿಗೆ ಕೆಂಪು ಪೊರೆ ಹಬ್ಬುತ್ತೆ, ಬೆಳಿಗ್ಗೆ ನೋಡಿದ್ರೆ ಕಮ್ಮಿ ಇರುತ್ತೆ

ಇದು ಸಯನೋಬ್ಯಾಕ್ಟೀರಿಯಾ. ಹಕ್ಕಳೆ ಅಲ್ಲ, ಲೋಳೆಯ ಚಾದರ. ಬೆಳಕಿನಲ್ಲಿ ಆಮ್ಲಜನಕ ಬಿಡುವುದರಿಂದ ಪೊರೆಯ ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ. ಸೈಫನ್ ಪೈಪ್ ಹಿಡಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ನೀರಿನ ಓಟ ಕಮ್ಮಿ ಇರುವ ಮೂಲೆ, ಜಾಸ್ತಿ ಆಹಾರ, ನೈಟ್ರೇಟ್ ಫಾಸ್ಫೇಟ್‌ಗಳ ಹದ ತಪ್ಪುವುದು, ಇವೇ ಸಾಮಾನ್ಯ ಕಾರಣ. ಪ್ರತಿ ನೀರು ಬದಲಿಸುವಾಗ ಎಳೆದು ತೆಗೆಯಿರಿ, ವೇವ್‌ಮೇಕರ್ ಮುಖ ಆ ಮೂಲೆಗೆ ತಿರುಗಿಸಿ. ಔಷಧಿ ಕೊನೆಯ ಮಾತು.

ಗಟ್ಟಿ ಕೊಳವೆಗಳು ಎದ್ದು ನಿಂತಿವೆ, ಜೇಡರ ಬಲೆ ಥರ ಎಳೆ ಬಿಡ್ತಾವೆ

ವರ್ಮೆಟಿಡ್ ಬಸವನಹುಳು. ಮರಿಯಾಗಿದ್ದಾಗ ಕಲ್ಲಿಗೆ ಅಂಟಿಕೊಂಡು, ಆಮೇಲೆ ಜೀವನಪೂರ್ತಿ ಅಲ್ಲೇ ಕೂತು ಚಿಪ್ಪನ್ನು ಕೊಳವೆಯಾಗಿ ಬೆಳೆಸುತ್ತದೆ. ಮೀನಿಗೆ ಆಹಾರ ಹಾಕಿದಾಗ ಲೋಳೆಯ ಬಲೆ ಬೀಸಿ, ಸಿಕ್ಕಿದ್ದನ್ನು ಬಲೆ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಆ ಬಲೆ ಮೇಲೆ ಬಿದ್ದರೆ ಹವಳ ಮುದುಡಿಕೊಳ್ಳುತ್ತದೆ. ಮೇಲೆ ಹೇಳಿದ ಸುರುಳಿ ಹುಳುವಿಗೂ ಇದಕ್ಕೂ ವ್ಯತ್ಯಾಸ ಸುಲಭ: ಅದು ಗರಿ ಚಾಚುತ್ತದೆ, ಇದು ಬಲೆ ಬಿಡುತ್ತದೆ. ಇದನ್ನು ಮಾತ್ರ ನಾನು ಕರುಣೆಯಿಲ್ಲದೆ ತೆಗೆಯುತ್ತೇನೆ. ಚಿಮಟದಲ್ಲಿ ಕೊಳವೆ ಮುರಿದು, ಉಳಿದ ಬಾಯಿಗೆ ಸೂಪರ್ ಗ್ಲೂ ಜೆಲ್ ಹಾಕಿ ಮುಚ್ಚಿ. ಹತ್ತು ಇರುವಾಗಲೇ ಮಾಡಿ, ನೂರಾದ ಮೇಲೆ ಕೈ ಸೋಲುತ್ತದೆ.

ಇದು ನನ್ನ ಹವಳದ ಮೇಲೇ ಹತ್ತುತ್ತಿದೆ. ಈಗ?

ಈಗ ಹೆಸರಿಗಿಂತ ಕೆಲಸ ಮುಖ್ಯ. ಆ ಹವಳವನ್ನು ಅಲ್ಲಿಂದ ಎಬ್ಬಿಸಿ ಬೇರೆ ಕಲ್ಲಿಗೆ ಅಂಟಿಸಲು ಆಗುತ್ತದೆಯೇ ನೋಡಿ. ಅದೇ ಎಲ್ಲಕ್ಕಿಂತ ಸುಲಭ. ಆಗದಿದ್ದರೆ ಅಂಚಿನ ಗುಂಟ ಅರ್ಧ ಇಂಚು ಜಾಗ ಬಿಡಿಸಿ, ಅಲ್ಲಿ ಎಪಾಕ್ಸಿ ಅಂಟು ಮೆತ್ತಿ ಗಡಿ ಹಾಕಿ. ಮೆದು ಹವಳವಾದ ಗ್ರೀನ್ ಸ್ಟಾರ್ ಪಾಲಿಪ್‌ನ ನೇರಳೆ ಚಾಪೆ ಹೀಗೆ ನುಗ್ಗುವುದರಲ್ಲಿ ಎತ್ತಿದ ಕೈ. ಅದನ್ನು ಮೊದಲಿನಿಂದಲೇ ಒಂಟಿ ಕಲ್ಲಿನ ಮೇಲೆ ಇಡಬೇಕು. ಹವಳದ ಗಟ್ಟಿ ಭಾಗದ ಒಳಗಿನಿಂದಲೇ ಹಳದಿ ಅಥವಾ ಕೆಂಪು ಗುಳ್ಳೆಗಳು ಎದ್ದಿದ್ದರೆ ಕ್ಲಯೋನಾ ಎಂಬ ಕೊರೆಯುವ ಸ್ಪಂಜು ಇರಬಹುದು. ಅದು ಸುಣ್ಣವನ್ನು ಕೊರೆದು ಒಳಗೆ ಮನೆ ಮಾಡುತ್ತದೆ. ಮೇಲಿನಿಂದ ಕೆರೆದರೆ ಉಪಯೋಗವಿಲ್ಲ. ಚೆನ್ನಾಗಿರುವ ಭಾಗವನ್ನು ದೂರದಿಂದ ಕತ್ತರಿಸಿ ಉಳಿಸಿಕೊಳ್ಳಿ.

ಕಲ್ಲನ್ನ ಹೊರಗೆ ತೆಗೆದು ಬಿಸಿನೀರು ಹಾಕಿ ತಿಕ್ಕಿಬಿಡ್ಲಾ?

ಬೇಡ. ದಯವಿಟ್ಟು ಬೇಡ.

ಕಂದು ಬಣ್ಣದ, ಚರ್ಮದ ಹಾಗಿರುವ, ಮುಚ್ಚಿಕೊಂಡಾಗ ಗುಂಡಿಗಳಂತೆ ಕಾಣುವ ಚಾಪೆ ಪ್ಯಾಲಿಥೋವಾ ಆಗಿರಬಹುದು. ಅದರಲ್ಲಿ ಪ್ಯಾಲಿಟಾಕ್ಸಿನ್ ಇರಬಹುದು, ಗೊತ್ತಿರುವ ಅತಿ ಘೋರ ವಿಷಗಳಲ್ಲಿ ಒಂದು. ಹವಾಯಿಯ ಹಾನಾ ಎಂಬ ಊರಿನವರು ಇದನ್ನು ಸಾವಿನ ಪಾಚಿ ಎಂದೇ ಕರೆಯುತ್ತಿದ್ದರು. 1971ರಲ್ಲಿ ವಿಜ್ಞಾನಿಗಳು ಅದರಿಂದ ವಿಷವನ್ನು ಬೇರ್ಪಡಿಸಿದರು. ಪಾಚಿ ಅಂದುಕೊಂಡಿದ್ದು ಪಾಚಿಯೇ ಅಲ್ಲ, ಹವಳದ ಬಳಗದ ಪ್ರಾಣಿ. ಗುರುತು ತಪ್ಪುವುದು ನಮ್ಮ ಟ್ಯಾಂಕಿನಲ್ಲಿ ಮಾತ್ರ ಅಲ್ಲ.

ಕುದಿಸಿದರೆ, ಬಿಸಿನೀರು ಸುರಿದರೆ, ಒಣ ಬ್ರಷ್ ಹಾಕಿ ತಿಕ್ಕಿದರೆ ಹಬೆಯಲ್ಲಿ, ಹನಿಯಲ್ಲಿ ವಿಷ ಮೂಗಿಗೆ ಹೋಗುತ್ತದೆ. ಅಮೆರಿಕದ ಅಲಾಸ್ಕದಲ್ಲಿ 2012ರಿಂದ 2014ರ ನಡುವೆ ಅಂಗಡಿಗಳಲ್ಲಿ, ಮನೆಗಳಲ್ಲಿ ಹೀಗೆ ಉಸಿರಿನಿಂದ ವಿಷ ತಗುಲಿದೆ ಎಂದು ಶಂಕಿಸಿದ ಪ್ರಕರಣಗಳು ದಾಖಲಾಗಿವೆ. ಕಲ್ಲು ಕೆಲಸ ಮಾಡುವಾಗ ಕೈಗವಸು, ಕನ್ನಡಕ ಹಾಕಿ. ಮಕ್ಕಳನ್ನು, ನಾಯಿ ಬೆಕ್ಕನ್ನು ದೂರ ಇಡಿ. ಕೆಲಸವಾದ ಮೇಲೆ ಬಾಯಲ್ಲಿ ಲೋಹದ ರುಚಿ, ಚಳಿಜ್ವರ, ಕೆಮ್ಮು, ಕಣ್ಣುರಿ ಶುರುವಾದರೆ ಆಸ್ಪತ್ರೆಗೆ ಹೋಗಿ, ಪ್ಯಾಲಿಟಾಕ್ಸಿನ್ ಅನ್ನುವ ಪದವನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಎಲ್ಲ ವೈದ್ಯರಿಗೂ ಇದು ಪರಿಚಯ ಇರುವುದಿಲ್ಲ.

## ಸ್ವಲ್ಪ ಮುಂದೆ ಹೋದವರಿಗೆ

ಮನೆಯಲ್ಲೇ ಪರೀಕ್ಷೆ ಮಾಡೋಕೆ ಆಗುತ್ತಾ?

ಧಾರಾಳವಾಗಿ. ಅಕ್ಕಿಕಾಳಿನಷ್ಟು ಚೂರು ಕಿತ್ತು, ಟ್ಯಾಂಕಿನಿಂದ ದೂರ, ಗಾಜಿನ ತಟ್ಟೆಯಲ್ಲಿ ಇಡಿ. ಪ್ಯಾಲಿಥೋವಾ ಇರಬಹುದು ಅನ್ನುವ ಅನುಮಾನ ಇದ್ದರೆ ಈ ಕೆಲಸಕ್ಕೇ ಇಳಿಯಬೇಡಿ.

ಚೂರಿನ ಮೇಲೆ ಬಿಳಿ ವಿನೆಗರ್ ಎರಡು ಹನಿ ಬಿಡಿ. ಗುಳ್ಳೆ ಬಂದರೆ ಸುಣ್ಣ ಇದೆ. ಕೋರಲೈನ್‌ನಲ್ಲಿ ಧಾರಾಳವಾಗಿ ಬರುತ್ತದೆ. ಕಡುಗೆಂಪು ಬಣ್ಣದ, ಅಂಚು ಕಲ್ಲಿನಿಂದ ಸ್ವಲ್ಪ ಎದ್ದಿರುವ, ಚರ್ಮದ ಹಾಗೆ ಬಿಡಿಸಿ ತೆಗೆಯಬಹುದಾದ ಹಲಗೆ ಇದ್ದರೆ ಅದು ಪೈಸೊನೇಲಿಯಾ ಎಂಬ ಇನ್ನೊಂದು ಕೆಂಪು ಪಾಚಿ ಇರಬಹುದು. ಅದಕ್ಕೂ ಅಡಿಯಲ್ಲಿ ಒಂದಿಷ್ಟು ಸುಣ್ಣ ಇರುತ್ತದೆ, ಹಾಗಾಗಿ ವಿನೆಗರ್ ಒಂದನ್ನೇ ನಂಬಬೇಡಿ, ಅಂಚನ್ನೂ ನೋಡಿ.

ಸ್ಪಂಜಿನ ಅನುಮಾನ ಇದ್ದರೆ ಇನ್ನೊಂದು ಚೂರನ್ನು ಬೇರೆ ತಟ್ಟೆಯಲ್ಲಿ ಮನೆಯ ಬ್ಲೀಚ್‌ನಲ್ಲಿ ಒಂದೆರಡು ಗಂಟೆ ನೆನೆಸಿ. ಮಾಂಸ ಕರಗಿ, ತಳದಲ್ಲಿ ಬಿಳಿ ಹುಡಿ ಉಳಿಯುತ್ತದೆ. ತೊಳೆದು 100 ಪಟ್ಟು ಹಿಗ್ಗಿಸುವ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಗಾಜಿನ ಸೂಜಿಗಳ ರಾಶಿ. ಅವು ಸ್ಪಂಜಿನ ಸ್ಪಿಕ್ಯೂಲ್‌ಗಳು. ಸೂಜಿ, ಮೂರು ಕವಲು, ಮುಳ್ಳುಚೆಂಡು, ಇವುಗಳ ಆಕಾರದಿಂದಲೇ ಸ್ಪಂಜಿನ ಜಾತಿ ವಿಂಗಡಿಸುತ್ತಾರೆ. ಸೂಜಿ ಸಿಗದಿದ್ದರೆ ಸ್ಪಂಜು ಅಲ್ಲ ಅಂತಲೂ ಅಲ್ಲ, ಸೂಜಿಯೇ ಇಲ್ಲದ ಸ್ಪಂಜುಗಳೂ ಇವೆ. ಬ್ಲೀಚ್ ಮತ್ತು ವಿನೆಗರ್ ಎಂದಿಗೂ ಒಂದೇ ತಟ್ಟೆಯಲ್ಲಿ ಬೆರೆಯಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಇದು ಹವಳವೇ ಆಗಿರಬಹುದಾ?

ಆಗಿರಬಹುದು, ಅದಕ್ಕೇ ಇಷ್ಟು ಹೇಳುತ್ತಿರುವುದು. ನನ್ನ ಟ್ಯಾಂಕಿನ ಬಲಗಡೆಯ ಕಲ್ಲಿನಲ್ಲಿ ಒಂದು ಕಂದು ಕಲೆ ಇತ್ತು, ಒಂದು ರೂಪಾಯಿ ನಾಣ್ಯದಷ್ಟು. ಹಳೆಯ ಪಾಚಿ ಅಂದುಕೊಂಡು ಬ್ಲೇಡ್ ಹಿಡಿದು ಕೈ ಇಳಿಸಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಟಾರ್ಚ್ ಹಾಕಿ ನೋಡಿದರೆ ಆ ಕಲೆಯ ತುಂಬ ಎಳ್ಳುಕಾಳಿನಷ್ಟು ಕುಳಿಗಳು, ಪ್ರತಿ ಕುಳಿಯಿಂದಲೂ ಪಾರದರ್ಶಕ ಬೆರಳುಗಳು ಅರ್ಧ ಹೊರಗೆ ಬಂದಿದ್ದವು. ಬ್ಲೇಡ್ ಮೇಜಿನ ಮೇಲೆ ಇಟ್ಟೆ. ಇವತ್ತು ಅದು ಅಂಗೈ ಅಗಲದ ಲೆಪ್ಟಾಸ್ಟ್ರಿಯಾ ಹವಳ.

ಹಾಗಾಗಿ ಲೈಟ್ ಆರಿ ಒಂದು ಗಂಟೆಯಾದ ಮೇಲೆ ಮಂದ ಕೆಂಪು ಟಾರ್ಚಿನಲ್ಲಿ ನೋಡಿ. ಒಂದೇ ಅಳತೆಯ ಕುಳಿಗಳು, ಕುಳಿಯೊಳಗೆ ಚಕ್ರದ ಕಡ್ಡಿಗಳಂತೆ ಗೆರೆಗಳು, ನಡುವೆ ಬಾಯಿ ಇದ್ದರೆ ಹವಳ. ನೀಲಿ ಬೆಳಕಿನಲ್ಲಿ ಹೊಳೆಯುವುದು ಒಂದು ಸುಳಿವು ಅಷ್ಟೆ, ಕೆಲವು ಪಾಚಿಗಳೂ ಕಿತ್ತಳೆಯಾಗಿ ಹೊಳೆಯುತ್ತವೆ.

ಮುರುಡೇಶ್ವರಕ್ಕೆ ಹೋಗ್ತಿದ್ದೀವಿ. ನೇತ್ರಾಣಿ ದ್ವೀಪದಿಂದ ನೇರಳೆ ಹಿಡಿದ ಕಲ್ಲು ಒಂದು ತರಬಹುದಾ?

ತರಬೇಡಿ. ಅಲ್ಲಿ ಜೀವಂತ ಹವಳ ಇದೆ. ಕಲ್ಲಿನಂತೆ ಕಾಣುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಜೊತೆಗೆ. ಯಾವ ಹಕ್ಕಳೆ ಹವಳ, ಯಾವುದು ಪಾಚಿ ಅಂತ ನೀರೊಳಗೆ ಒಂದು ನಿಮಿಷದಲ್ಲಿ ಹೇಳಲು ಯಾರಿಂದಲೂ ಆಗುವುದಿಲ್ಲ. ಡೈವ್ ಮಾಡಿ, ಹತ್ತಿರದಿಂದ ಕಣ್ತುಂಬ ನೋಡಿ ಬನ್ನಿ. ಕೋರಲೈನ್ ಬೇಕಾದರೆ ಗೆಳೆಯರ ಟ್ಯಾಂಕಿನ ಗಾಜಿನಿಂದ ಕೆರೆದ ಒಂದು ಚಮಚ ಪುಡಿ ಸಾಕು.

ಕುಲ, ಜಾತಿ ಸಮೇತ ಪೂರ್ತಿ ವೈಜ್ಞಾನಿಕ ಹೆಸರು ಬೇಕು

ಕೋರಲೈನ್‌ಗಳಲ್ಲಿ ಜಾತಿ ಹೇಳಲು ತೆಳುವಾಗಿ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಈಗ ಡಿಎನ್ಎಯನ್ನೂ ಓದುತ್ತಾರೆ. ಸ್ಪಂಜಿಗೆ ಸ್ಪಿಕ್ಯೂಲ್ ಬೇಕು, ಟ್ಯೂನಿಕೇಟನ್ನು ಬಿಡಿಸಿ ನೋಡಬೇಕು. ಫೋಟೋ ನೋಡಿ ಯಾರಾದರೂ ಜಾತಿಯ ಹೆಸರನ್ನು ಖಚಿತವಾಗಿ ಹೇಳಿದರೆ, ಹೇಗೆ ಗೊತ್ತಾಯಿತು ಅಂತ ಒಮ್ಮೆ ಕೇಳಿ.

ಟ್ಯಾಂಕ್ ನೋಡಿಕೊಳ್ಳಲು ಗುಂಪಿನ ಹೆಸರು ಸಾಕಾಗುತ್ತದೆ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಸರು ಗೊತ್ತಿಲ್ಲದ್ದಕ್ಕೆ ಗುಣ ಬರೆಯುತ್ತೇನೆ: ಹಿಂದಿನ ಕಲ್ಲು, ಎಡಬದಿ, ಬೂದು, ಮೆತ್ತಗೆ, ದೊಡ್ಡ ತೂತು ಎರಡು, ಮುಟ್ಟಿದರೆ ಅಲುಗಲ್ಲ. ಮುಂದಿನ ಸಾಲಿನಲ್ಲಿ ತಾರೀಕು. ಮೂರು ತಿಂಗಳ ನಂತರ ಅದೇ ಪುಟದಲ್ಲಿ: ತೂತು ಈಗ ಐದು.